ನಮ್ಮ ಪಡಸಾಲಿ ಮತ್ತು ಗೌಂಡಿ ಕಾಕಾ



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ಮಾತು ನಮಗೆಲ್ಲರಿಗೂ ಗೊತ್ತು. ಐದನೇ ವರ್ಗದಲ್ಲಿ ಇದನ್ನು ವಿಸ್ತರಿಸಿ ಬರೆದು ನಾನು ಹತ್ತಕ್ಕೆ ಎಂಟು ಅಂಕ ತೆಗೆದುಕೊಂಡಿದ್ದೆ. ಆದರೆ ಅದರ ನಿಜವಾದ ಅರ್ಥ ತಿಳಿದದ್ದು ಈ ವರ್ಷ. ನಾವೇನು ಇಡೀ ಮನೆ ಕಟ್ಟಿಸಲಿಲ್ಲ. ಮನೆಯ ಮುಂದೆ ಹದಿನೆಂಟು ಫೂಟು ಉದ್ದ, ಎಂಟು ಫೂಟು ಅಗಲದ ಒಂದು ಪಡಸಾಲಿ ಅಷ್ಟೇ. ಅದನ್ನೇ ಎರಡು ಸಲ ಕಟ್ಟಿಸಬೇಕಾಯಿತು. ಯಾಕೆ ಎರಡು ಸಲ ಎಂಬುದನ್ನು ಈ ಗೋಡೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸಣ್ಣದಾಗಿದೆ, ದಯವಿಟ್ಟು ಹತ್ತಿರ ಬಂದು ಓದಿರಿ.

ನಮ್ಮ ಮನೆ ಹಳೆಯ ಮಣ್ಣಿನ ಮಾಳಿಗಿ ಮನೆ. ಒಳಗೆ ಕತ್ತಲು. ಮಧ್ಯಾಹ್ನವೂ ಬೆಳಕಿಂಡಿಯ ಕೆಳಗೆ ಕುಳಿತರೆ ಮಾತ್ರ ಪುಸ್ತಕ ಕಾಣುತ್ತದೆ. ನಮ್ಮ ಆಯಿಗೆ ದಮ್ಮಿನ ಬೇನೆ, ಒಳಗೆ ಮಲಗಿದರೆ ಉಸಿರು ಕಟ್ಟುತ್ತದೆ. ಆದ್ದರಿಂದ ಮುಂದೆ ಒಂದು ಪಡಸಾಲಿ ಆದರೆ ಆಯಿಗೆ ಮಲಗಲು, ನನಗೂ ತಮ್ಮನಿಗೂ ಓದಲು, ಅವ್ವನಿಗೆ ಕಾಳು ಹಸನು ಮಾಡಲು ಜಾಗ ಆಗುತ್ತದೆ ಎಂದು ಬಹಳ ದಿನದಿಂದ ಮಾತಾಡುತ್ತಿದ್ದೆವು. ಹೋದ ವರ್ಷ ತೊಗರಿ ಮಾರಿದ ರೊಕ್ಕ ಬಂತು. ಅಪ್ಪ ಒಬ್ಬ ಗೌಂಡಿಯನ್ನು ಕರೆತಂದ.

ಆ ಗೌಂಡಿಯ ಹೆಸರು ಬರೆಯುವುದಿಲ್ಲ. ಅವನ ಮಾತು ಬೆಲ್ಲ. "ಎಂಟ ದಿನದಾಗ ಮುಗಿಸಿ ಕೈಗೆ ಕೊಡತೀನಿ, ನೀವು ನೆಳ್ಳಾಗ ಕುಂತ ಚಾ ಕುಡೀರಿ" ಅಂದ. ಎಲ್ಲರಿಗಿಂತ ಕಡಿಮೆ ರೇಟು ಹೇಳಿದ. ಅಪ್ಪನಿಗೆ ಖುಷಿ ಆಯಿತು. ಕಾಗದ ಪತ್ರ ಏನೂ ಇಲ್ಲ. ಹದಿನೈದು ಸಾವಿರ ಮುಂಗಡ ಕೊಟ್ಟ. ಅವನು ಮೂರು ದಿನ ಬಂದ, ಆರು ದಿನ ಬರಲಿಲ್ಲ. ಮತ್ತೆ ಎರಡು ದಿನ ಬಂದ. ಮೂರು ಕಂಬ ಎಬ್ಬಿಸಿ, ಮೇಲೆ ಪತ್ರಾ ಹಾಕಿ, ನೆಲ ಮಾಡದೆ, ಗಿಲಾವು ಮಾಡದೆ ಇನ್ನೊಂದು ಊರಿನ ಕೆಲಸಕ್ಕೆ ಹೋದವನು ತಿರುಗಿ ಬರಲೇ ಇಲ್ಲ. ಫೋನು ಮಾಡಿದರೆ "ನಾಳೆ ಬಂದೆ" ಅನ್ನುತ್ತಿದ್ದ. ವಿಜಯಪುರದಲ್ಲಿ ಎರಡನೇ ಅಲಿ ಆದಿಲ್ ಶಾಹನ ಗೋರಿ ಅರ್ಧಕ್ಕೇ ನಿಂತು ಬರೀ ಕಮಾನುಗಳು ಉಳಿದಿವೆಯಲ್ಲ, ಆ ಬಾರಾಕಮಾನಿನ ಹೆಸರನ್ನೇ ಓಣಿಯ ಹುಡುಗರು ನಮ್ಮ ಮನೆಗೆ ಇಟ್ಟರು. ಇದನ್ನು ಓದುತ್ತಿರುವವರಲ್ಲಿಯೇ ಹಾಗೆ ಕರೆದವರು ಇದ್ದಾರೆ. ಇರಲಿ, ಸಿಟ್ಟಿಲ್ಲ.

ಸೆಪ್ಟೆಂಬರಿನಲ್ಲಿ ಉತ್ತರಿ ಮಳೆ ಮೂರು ದಿನ ಬಿಡದೆ ಹೊಡೆಯಿತು. ಮೂರನೇ ದಿನ ರಾತ್ರಿ ದೊಡ್ಡ ಸಪ್ಪಳವಾಯಿತು. ಎದ್ದು ನೋಡಿದರೆ ಮೂಲೆಯ ಕಂಬ ಬುಡದಿಂದಲೇ ವಾಲಿ ಬಿದ್ದಿತ್ತು. ಅದರ ಸಂಗಡ ಎರಡು ಪತ್ರಾ ಆಯಿಯ ಹಾಸಿಗೆಯ ಮೇಲೆ ಬಿದ್ದಿದ್ದವು. ಆಯಿ ನೀರು ಕುಡಿಯಲಿಕ್ಕೆಂದು ಆಗತಾನೇ ಎದ್ದು ಒಳಗೆ ಹೋಗಿದ್ದಳು. ಅವಳ ಕೈಯಲ್ಲಿ ತಂಬಿಗೆ ಹಾಗೇ ಇತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಮಳೆಯಲ್ಲೇ ನಿಂತು ಇಟ್ಟಂಗಿ ಒಂದೊಂದೇ ಎತ್ತಿ ಬದಿಗೆ ಇಟ್ಟ. ಅಪ್ಪ ಅಳುವುದನ್ನು ನಾನು ಅವತ್ತು ಮೊದಲ ಸಲ ನೋಡಿದೆ.

ಆ ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ. ಆಯಿ ಕಿಲ್ಲಾರಿ ಭೂಕಂಪದ ಮಾತು ತೆಗೆದಳು. ಅದು ಆದದ್ದು 1993ರ ಸೆಪ್ಟೆಂಬರ್ 30ರಂದು, ಬೆಳಗಾಗುವ ಮುಂಚೆ. ಕಿಲ್ಲಾರಿ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿದೆ. ಸುಮಾರು ಹತ್ತು ಸಾವಿರ ಜನ ಸತ್ತರು. ಇಲ್ಲಿ ನಮ್ಮ ಮನೆಯಲ್ಲಿಯೂ ಮಾಡದ ಮೇಲಿನ ಭಾಂಡೆ ಗಡಗಡ ಅಂದವಂತೆ, ಜಂತಿಯಿಂದ ಮಣ್ಣು ಉದುರಿತಂತೆ. ಎಷ್ಟೋ ದಿನ ಜನ ಅಂಗಳದಲ್ಲೇ ಮಲಗಿದರಂತೆ. "ಭೂಮಿ ನಡುಗಿದ್ದಕ್ಕ ಅಷ್ಟ ಮಂದಿ ಸತ್ತಿಲ್ಲವಾ. ಕಟ್ಟಿದ ಗ್ವಾಡಿ ಮೈಮ್ಯಾಲ ಬಿದ್ದು ಸತ್ತರು" ಅಂದಳು ಆಯಿ. ಮರುದಿನ ವಿಜ್ಞಾನದ ಗುರುಗಳನ್ನು ಕೇಳಿದೆ. ಆಯಿ ಹೇಳಿದ್ದು ಸರಿ ಎಂದರು. ಅಲ್ಲಿಯ ಮನೆಗಳಿಗೆ ದಪ್ಪ ಕಲ್ಲಿನ ಗೋಡೆ, ನಡುವೆ ಬರೀ ಮಣ್ಣು, ಒಳಗಿನ ಸಾಲಿಗೂ ಹೊರಗಿನ ಸಾಲಿಗೂ ಹಿಡಿದು ನಿಲ್ಲಿಸುವ ಉದ್ದನೆಯ ಅಡ್ಡಗಲ್ಲು ಇಲ್ಲ, ತಲೆಯ ಮೇಲೆ ಭಾರವಾದ ಮಣ್ಣಿನ ಮಾಳಿಗಿ. ಅದಕ್ಕೇ ಕುಸಿದವು ಎಂದರು. ನಮ್ಮ ಜಿಲ್ಲೆಯಲ್ಲೂ 2021 ಮತ್ತು 2022ರಲ್ಲಿ ಸಣ್ಣ ಸಣ್ಣ ಕಂಪನ ಆಗಿವೆ. ಆದ್ದರಿಂದ ಗೌಂಡಿಯನ್ನು ಆರಿಸುವುದೆಂದರೆ ಸಂತೆಯಲ್ಲಿ ಬದನೆಕಾಯಿ ಆರಿಸಿದಂತೆ ಅಲ್ಲ. ಅದು ಜೀವದ ಪ್ರಶ್ನೆ.

ದೀಪಾವಳಿ ಆದ ಮೇಲೆ ಮತ್ತೆ ಕಟ್ಟಿಸುವ ಮಾತು ಬಂತು. ಅಪ್ಪ "ನನಗ ಮಂದಿ ತಿಳಿಯಂಗಿಲ್ಲ, ನೀನ ನೋಡು" ಎಂದು ಅವ್ವನಿಗೆ ಹೇಳಿದ. ಅವ್ವ ಅಂದಳು: "ಈ ಸಲ ಮಾತ ಕೇಳಿ ಕೊಡೂದ ಬ್ಯಾಡ. ಕೆಲಸ ನೋಡಿ ಕೊಡೂಣು." ಅವ್ವನಿಗೆ ಓದಲು ಬರೆಯಲು ಬರುವುದಿಲ್ಲ. ಆದ್ದರಿಂದ ನನ್ನ ಕೈಯಲ್ಲಿ ಒಂದು ಹಳೆಯ ವಹಿ ಕೊಟ್ಟು, ಕೇಳಬೇಕಾದ ಪ್ರಶ್ನೆಗಳನ್ನು ಬರೆಸಿದಳು. ಒಟ್ಟು ಒಂಬತ್ತು ಪ್ರಶ್ನೆ ಆದವು. ನನಗೆ ಬಹಳ ಹೆಮ್ಮೆ ಅನ್ನಿಸಿತು, ಇನ್ಸ್‌ಪೆಕ್ಟರ್ ಆದಂತೆ.

ಮೊದಲು ಬಂದವರು ನಮ್ಮ ಬೀಗರ ಪೈಕಿ. "ಯಾರ ಮನಿ ಕಟ್ಟೀರಿ, ಒಂದೆರಡ ತೋರಸ್ರಿ" ಎಂದು ಅವ್ವ ಕೇಳಿದ್ದಕ್ಕೆ, "ಅಂದ್ರ ನನ್ನ ಮ್ಯಾಲ ನಿಮಗ ವಿಶ್ವಾಸ ಇಲ್ಲೇನು?" ಎಂದು ಮುಖ ಸೊಟ್ಟ ಮಾಡಿದರು. ಅವ್ವ ಚಾ ಕೊಟ್ಟು ಕಳಿಸಿದಳು. ಆಮೇಲೆ ಅಂದಳು: "ಬೀಗತನ ಬ್ಯಾರೆ, ಗ್ವಾಡಿ ಬ್ಯಾರೆ. ಕೆಲಸ ಕೆಟ್ಟರ ಕೇಳಾಕೂ ಬಾಯಿ ಬರಂಗಿಲ್ಲ."

ಎರಡನೆಯವರು ಮೋಟಾರ್ ಸೈಕಲ್ ಮೇಲೆ ಬಂದರು. ಮೊಬೈಲಿನಲ್ಲಿ ಬಣ್ಣ ಬಣ್ಣದ ಮನೆಗಳ ಫೋಟೋ ತೋರಿಸಿದರು. ನನಗೂ ತಮ್ಮನಿಗೂ ಬಾಯಲ್ಲಿ ನೀರು ಬಂತು. "ಇದು ಯಾವ ಊರಾಗ ಐತ್ರಿ? ಯಾರ ಮನಿ?" ಎಂದು ಅವ್ವ ಕೇಳಿದಳು. ಅವರು ಒಂದು ಸಲ ಒಂದು ಊರು, ಇನ್ನೊಂದು ಸಲ ಇನ್ನೊಂದು ಊರು ಹೇಳಿದರು. ಅರ್ಧ ರೊಕ್ಕ ಮೊದಲೇ ಬೇಕು ಅಂದರು. ಅವ್ವ "ವಿಚಾರ ಮಾಡಿ ಹೇಳತೀವ್ರಿ" ಅಂದಳು. ಹಾಗೆಂದರೆ ಏನು ಎಂಬುದು ನಿಮಗೆಲ್ಲ ಗೊತ್ತು.

ಮೂರನೆಯವರೇ ಗೌಂಡಿ ಕಾಕಾ. ಅರವತ್ತರ ಆಸುಪಾಸು ವಯಸ್ಸು. ತಲೆಗೆ ಟವೆಲು. ಮಾತು ಬಹಳ ಕಡಿಮೆ. ಬಂದವರು ರೇಟು ಹೇಳಲಿಲ್ಲ. ಬಿದ್ದ ಕಂಬದ ಹತ್ತಿರ ಕುಳಿತು ಒಂದು ಮೊಳೆಯಿಂದ ಮಾಲು ಕೆರೆದರು. ಅದು ಬೂದಿಯಂತೆ ಉದುರಿತು. ಎರಡು ಇಟ್ಟಂಗಿ ಎತ್ತಿ ಒಂದಕ್ಕೊಂದು ಬಡಿದರು. "ಟಣ್" ಅನ್ನಬೇಕಾದದ್ದು "ಟಪ್" ಅಂದಿತು. ಆಮೇಲೆ ಹಾರಿ ತೆಗೆದುಕೊಂಡು ಕಂಬ ಇದ್ದ ಜಾಗದಲ್ಲಿ ಚುಚ್ಚಿದರು. ಒಂದೇ ಫೂಟು ಪಾಯಾ, ಕೆಳಗೆ ಬರೀ ಎರಿ ಮಣ್ಣು.

"ಎರಿ ಅಂದ್ರ ನೀರ ಕುಡದ್ರ ಉಬ್ಬತೈತಿ, ಒಣಗಿದ್ರ ಕುಗ್ಗಿ ಬಿರೀತೈತಿ. ಅದರ ಮ್ಯಾಲ ಕಂಬ ಇಟ್ರ ಅದೂ ಸಂಗಾಟ ಏರತೈತಿ, ಇಳೀತೈತಿ. ಗಟ್ಟಿ ಗರಸು ಹತ್ತೂತನಕ ಅಗೀಬೇಕು. ತಂಗಿ, ಗುಮ್ಮಟ ನೋಡಿದಿಯಿಲ್ಲ? ಅಷ್ಟ ದೊಡ್ಡ ಗುಮ್ಮಟ ಯಾಕ ನಿಂತೈತಿ? ಪಾಯಾ ಬಂಡಿ ಮ್ಯಾಲ ಐತಿ" ಎಂದು ನನಗೆ ಹೇಳಿದರು. ಆರನೇ ವರ್ಗದ ಪ್ರವಾಸದಲ್ಲಿ ನಾವು ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗಿ ಕೂಗಿ ಗಂಟಲು ಹರಕೊಂಡೆವು. ಮೊಹಮ್ಮದ್ ಆದಿಲ್ ಶಾಹ, 1656 ಎಂದು ಪಟ್ಟಿಯಲ್ಲಿ ಬರೆದುಕೊಂಡೆವು. ಆದರೆ ಅದರ ಕಾಲ ಕೆಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಕೊನೆಗೆ ರೇಟು ಹೇಳಿದರು. ಅದು ಎಲ್ಲರಿಗಿಂತ ಹೆಚ್ಚು. "ಈಗ ಹಿಡದ ಕೆಲಸ ಮುಗೀಬೇಕು. ಸಂಕ್ರಾಂತಿ ಆದ ಮ್ಯಾಲ ಬರತೀನಿ. ತಡ ಆಗತೈತಿ ಅಂದ್ರ ಬ್ಯಾರೇದವರ್ನ ನೋಡ್ರಿ" ಎಂದು ಎದ್ದರು. ಅಪ್ಪ, "ಮದಲಿನ ಗೌಂಡಿ ನಮಗ ಮೋಸ ಮಾಡಿದ" ಅಂದ. ಕಾಕಾ ಹೊರಡುತ್ತ, "ಮೋಸ ಅವಂದ ಖರೆ. ಆದ್ರ ಪಾಯಾ ತಗೀವಾಗ ನೀವೂ ಇಲ್ಲೇ ನಿಂತಿದ್ರಿ. ಒಂದ ಫೂಟ ಸಾಕೇನು ಅಂತ ಕೇಳಬೇಕಿತ್ತು" ಅಂದರು. ಅಪ್ಪನಿಗೆ ಸಿಟ್ಟು ಬಂತು. ಅವ್ವ ಮಾತ್ರ ನನ್ನ ಕಡೆ ನೋಡಿ, "ಇವರ ಹೆಸರಿನ ಮುಂದ ಒಂದ ಗುರ್ತು ಹಾಕು" ಅಂದಳು.

ಆಮೇಲೆ ಅವ್ವ ಮತ್ತು ನಾನು ಕಾಕಾ ಕಟ್ಟಿದ ನಾಲ್ಕು ಮನೆಗಳಿಗೆ ಹೋದೆವು. ಹೊಸ ಮನೆಗೆ ಹೋಗಲಿಲ್ಲ. ಐದಾರು ಮಳೆಗಾಲ ಕಂಡ ಮನೆಗೇ ಹೋದೆವು. ಅವ್ವ ಹೇಳುವುದು, ಹೊಸದಾಗಿ ಎಲ್ಲ ಗೋಡೆಯೂ ಮದುಮಗಳಂತೆ ಕಾಣುತ್ತದೆ, ಮಳೆ ಆದ ಮೇಲೆ ನೋಡಬೇಕು. ಒಂದು ಮನೆಯ ಅಜ್ಜಿ, "ಏಳ ಮಳಿಗಾಲ ಆತು, ಒಂದ ಹನಿ ಸೋರಿಲ್ಲ. ಬಾಯಿ ಅಷ್ಟ ಕಟು" ಅಂದಳು. ಇನ್ನೊಂದು ಮನೆಯವರು, "ನಮ್ಮ ಕೆಲಸಕ್ಕ ನಾಕ ದಿನ ತಡಾ ಮಾಡಿ ಬಂದಾರ" ಎಂದು ದೂರಿದರು. "ತಡ ಆಗತೈತಿ ಅಂತ ಹೇಳಿ ಕಳಸಿದ್ರೋ ಇಲ್ಲೋ?" ಎಂದು ಅವ್ವ ಕೇಳಿದಳು. "ಹೇಳಿ ಕಳಸಿದ್ರು" ಅಂದರು. ದಾರಿಯಲ್ಲಿ ಅವ್ವ ಅಂದಳು: "ಹೇಳಿ ತಡಾ ಮಾಡಾವ ಬ್ಯಾರೆ, ನಾಳೆ ನಾಳೆ ಅನ್ನಾವ ಬ್ಯಾರೆ." ಕೆಲಸ ಕಾಕಾರಿಗೇ ಎಂದು ಅಲ್ಲಿಗೆ ಗಟ್ಟಿಯಾಯಿತು.

ಈ ಸಲ ಕಾಗದ ಮಾಡಿದೆವು. ನಾನೇ ಬರೆದೆ. ಉದ್ದ ಅಗಲ ಎಷ್ಟು, ಪಾಯಾ ಎಷ್ಟು ಆಳ, ಇಟ್ಟಂಗಿ ಉಸುಕು ಸಿಮೆಂಟು ತರುವವರು ಯಾರು, ಮಾಲಿಗೆ ಒಂದು ಬುಟ್ಟಿ ಸಿಮೆಂಟಿಗೆ ಎಷ್ಟು ಬುಟ್ಟಿ ಉಸುಕು ಎಂದು ಎಲ್ಲ ಬರೆದೆ. ಕಟ್ಟಲು ಒಂದಕ್ಕೆ ಆರು, ಗಿಲಾವಿಗೆ ಒಂದಕ್ಕೆ ನಾಲ್ಕು. ರೊಕ್ಕ ಒಮ್ಮೆಲೇ ಅಲ್ಲ. ಪಾಯಾ ಮುಗಿದಾಗ ಒಂದು ಪಾಲು, ಕಂಬ ಮುಗಿದಾಗ ಒಂದು, ಪತ್ರಾ ಏರಿದಾಗ ಒಂದು, ನೆಲ ಮುಗಿದಾಗ ಒಂದು. "ಐದ ಸಾವಿರ ಮಾತ್ರ ಮದಲನೇ ಮಳಿ ಬಂದ ಮ್ಯಾಲ ಕೊಡತೀವಿ ಕಾಕಾರ" ಎಂದು ಅವ್ವ ಅಂಜುತ್ತ ಹೇಳಿದಳು. ಕಾಕಾ ನಕ್ಕರು. "ಹಂಗ ಬರಿ ತಂಗಿ" ಅಂದರು. ಎರಡು ಸಲ ಓದಿಸಿ ಕೇಳಿ ಸಹಿ ಮಾಡಿದರು.

ಫೆಬ್ರುವರಿಯಲ್ಲಿ ತೊಗರಿ ಮಾರಿದ ಮೇಲೆ ಕೆಲಸ ಸುರುವಾಯಿತು. ನಾಲ್ಕು ಫೂಟಿಗೆ ಗರಸು ಹತ್ತಿತು. ಆಗ ಒಂದು ಆಶ್ಚರ್ಯ ನೋಡಿದೆ. ಕಾಕಾ ಮೂಲೆಯಲ್ಲಿ ಎರಡು ದಾರ ಕಟ್ಟಿ, ಒಂದರ ಮೇಲೆ ಮೂರು ಫೂಟಿಗೆ, ಇನ್ನೊಂದರ ಮೇಲೆ ನಾಲ್ಕು ಫೂಟಿಗೆ ಗುರುತು ಮಾಡಿ, ಆ ಎರಡು ಗುರುತಿನ ನಡುವೆ ಅಳೆದರು. "ಐದ ಬಂತು, ಮೂಲಿ ಸರಿ ಐತಿ" ಅಂದರು. ಇದು ನಮ್ಮ ಗಣಿತದ ಪೈಥಾಗೊರಸನ ಪ್ರಮೇಯ! ಮೂರರ ವರ್ಗ ಒಂಬತ್ತು, ನಾಲ್ಕರ ವರ್ಗ ಹದಿನಾರು, ಕೂಡಿಸಿದರೆ ಇಪ್ಪತ್ತೈದು, ಅದು ಐದರ ವರ್ಗ. ಕಾಕಾ ಮೂರನೇ ವರ್ಗಕ್ಕೆ ಸಾಲಿ ಬಿಟ್ಟವರು. ಪೈಥಾಗೊರಸನ ಹೆಸರು ಕೇಳಿಲ್ಲ. ನಾನು ಹೆಸರು ಕೇಳಿದ್ದೇನೆ, ಆದರೆ ಒಂದು ಮೂಲೆಯನ್ನೂ ಸರಿ ಮಾಡಿಲ್ಲ.

ಇನ್ನೂ ಕೆಲವು ನೋಡಿ ಕಲಿತೆ. ಇಟ್ಟಂಗಿಯನ್ನು ಕಟ್ಟುವ ಮುಂಚೆ ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಅದು ಮಾಲಿನ ನೀರನ್ನು ಕುಡಿದುಬಿಡುತ್ತದೆ. ಉಸುಕನ್ನು ಅಂಗೈಯಲ್ಲಿ ತಿಕ್ಕಿದಾಗ ಕೈಗೆ ಮಣ್ಣು ಹತ್ತಬಾರದು. ಕಲಸಿದ ಮಾಲನ್ನು ಬೇಗ ಬಳಸಬೇಕು, ಗಟ್ಟಿಯಾದದ್ದಕ್ಕೆ ಮತ್ತೆ ನೀರು ಹಾಕಿ ಕಲಸಬಾರದು. ಹಳೆಯ ಗೋಡೆಗೂ ಹೊಸ ಕಟ್ಟಿಗೂ ನಡುವೆ ಸಣ್ಣ ಸಂದು ಬಿಟ್ಟರು. "ಹಳೀದು ಕುಂತು ಮುಗಿಸೈತಿ, ಹೊಸಾದು ಇನ್ನ ಕುಂಡ್ರಬೇಕು. ಎರಡೂ ಕೂಡಿಸಿ ಬಿಗದ್ರ ಬಿರುಕ ಬಿಡತೈತಿ" ಅಂದರು.

ಈಗ ನನ್ನ ತಪ್ಪನ್ನು ಬರೆಯಬೇಕು. ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ಕಂಬಗಳಿಗೆ ಗಿಲಾವು ಆದ ಮೇಲೆ ಕಾಕಾ ನನ್ನನ್ನು ಕರೆದು, "ಮಗಳ, ಇನ್ನ ಮ್ಯಾಲ ಗೌಂಡಿ ನೀನ. ಹತ್ತ ದಿನ ಮುಂಜಾನೆ ಸಂಜೀಕ ನೀರ ಹೊಡೀಬೇಕು" ಅಂದರು. ಸಿಮೆಂಟು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಮೊದಲ ಏಳು ದಿನವಾದರೂ ಹಸಿ ಇರಲೇಬೇಕು, ಪೂರ್ಣ ಬಲ ಬರಲು ಸುಮಾರು 28 ದಿನ ಬೇಕು ಎಂದು ವಿಜ್ಞಾನದ ಗುರುಗಳೂ ಹೇಳಿದ್ದರು. ನಾನು ಹೂಂ ಅಂದೆ. ಮೂರು ದಿನ ಹೊಡೆದೆ. ನಾಲ್ಕನೇ ದಿನ ನಳ ಬರಲಿಲ್ಲ. ಬೋರಿನಿಂದ ಕೊಡ ಹೊರಬೇಕಿತ್ತು. ಎರಡು ಕಂಬಕ್ಕೆ ಹೊಡೆದು, ದೂರದ ಮೂಲೆಯ ಕಂಬವನ್ನು ಬಿಟ್ಟೆ. ಐದನೇ ದಿನವೂ ಬಿಟ್ಟೆ. ಗೆಳತಿಯ ಮನೆಗೆ ಟಿ.ವಿ. ನೋಡಲು ಹೋಗಿದ್ದೆ.

ಆರನೇ ದಿನ ಕಾಕಾ ಬಂದರು. ಮೂಲೆಯ ಕಂಬದ ಮೇಲೆ ಕೂದಲೆಳೆಯಂಥ ಬಿರುಕು. "ಇದಕ್ಕ ನೀರ ಹೊಡಿದಿಯೇನು?" ಎಂದು ಕೇಳಿದರು. ನಾನು "ಹೂಂ, ದಿನಾ ಹೊಡದೀನ್ರಿ" ಅಂದೆ. ಅವರು ಕರಣಿಯ ಹಿಡಿಕೆಯಿಂದ ಕಂಬ ಬಡಿದರು. ಬಾಕಿ ಎರಡೂ ಗಟ್ಟಿ ಸಪ್ಪಳ ಮಾಡಿದವು, ಇದು "ಡಬ್ ಡಬ್" ಅಂದಿತು. ಕಾಕಾ ನನ್ನನ್ನು ಬಯ್ಯಲಿಲ್ಲ. ಯಾರಿಗೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಬಂದು ಆ ಗಿಲಾವನ್ನೆಲ್ಲ ಕೆತ್ತಿ ತೆಗೆದು ಹೊಸದಾಗಿ ಮಾಡಿದರು. ಅಪ್ಪ ಪಗಾರ ಎಷ್ಟೆಂದು ಕೇಳಿದರೆ, "ನನ್ನ ಕೆಲಸ ಕೆಟ್ಟಿತ್ತು, ನಾ ಮಾಡೀನಿ. ರೊಕ್ಕ ಬ್ಯಾಡ" ಅಂದರು.

ಅದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಅವರು ರೊಟ್ಟಿ ಉಣ್ಣುವಾಗ ಹತ್ತಿರ ಹೋಗಿ, "ಕಾಕಾ, ನಾ ಎರಡ ದಿನ ನೀರ ಹೊಡೀಲಿಲ್ಲ. ಸುಳ್ಳ ಹೇಳಿದೆ" ಅಂದೆ. ಕಣ್ಣಲ್ಲಿ ನೀರು ಬಂತು. ಅವರು ಒಂದು ತುಂಡು ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟರು. "ನನಗ ಗೊತ್ತಿತ್ತವಾ. ಕಂಬಕ್ಕ ಸುಳ್ಳ ಹೇಳಾಕ ಬರಂಗಿಲ್ಲ. ನೀ ಹೇಳ್ತಿಯೋ ಇಲ್ಲೋ ಅಂತ ಕಾಯ್ತಿದ್ದೆ. ಹೇಳಿದೆಲ್ಲ, ಸಾಕು" ಅಂದರು. ಸಂಜೆ ಅವ್ವನಿಗೂ ಹೇಳಿದೆ. ಅವ್ವ ಅರ್ಧ ದಿನದ ಪಗಾರವನ್ನು ಕಾಕಾರ ಟವೆಲಿನಲ್ಲಿ ಕಟ್ಟಿ ಕಳಿಸಿದಳು. ಅಲ್ಲಿಂದ ಹತ್ತು ದಿನ ಕ್ಯಾಲೆಂಡರಿನ ಮೇಲೆ ಗೆರೆ ಹಾಕುತ್ತ ಮೂರೂ ಕಂಬಕ್ಕೆ ನೀರು ಹೊಡೆದೆ.

ಗೌಂಡಿಯನ್ನು ಪರೀಕ್ಷೆ ಮಾಡಲು ನಾನು ಒಂಬತ್ತು ಪ್ರಶ್ನೆ ಬರೆದಿದ್ದೆ. ನನ್ನನ್ನು ಪರೀಕ್ಷೆ ಮಾಡಲು ಒಂದೂ ಬರೆದಿರಲಿಲ್ಲ. ವಿಶ್ವಾಸದ ಗೌಂಡಿ ಸಿಕ್ಕರೆ ಸಾಲದು, ಕಟ್ಟಿಸುವವರೂ ವಿಶ್ವಾಸಕ್ಕೆ ತಕ್ಕವರಾಗಿರಬೇಕು ಎಂಬುದು ನನಗೆ ಹೀಗೆ ತಿಳಿಯಿತು.

ನಿಮ್ಮ ಮನೆಯಲ್ಲೂ ಕಟ್ಟಿಸುವ ಕೆಲಸ ಇದ್ದರೆ ಈ ಮಾತುಗಳನ್ನು ಹಿರಿಯರಿಗೆ ಓದಿ ಹೇಳಿರಿ:

1. ರೇಟು ಕೇಳುವ ಮುಂಚೆ ಹಳೆಯ ಕೆಲಸ ನೋಡಿರಿ. ಐದಾರು ಮಳೆಗಾಲ ಕಂಡದ್ದನ್ನೇ ನೋಡಿರಿ.
2. ಆ ಮನೆಯ ಹೆಣ್ಣುಮಕ್ಕಳನ್ನು ಕೇಳಿರಿ. ಎಲ್ಲಿ ಸೋರುತ್ತದೆ ಎಂಬುದು ಅವರಿಗೇ ಗೊತ್ತು.
3. ಕಾಗದ ಮಾಡಿರಿ. ರೊಕ್ಕವನ್ನು ಕೆಲಸ ಆದಂತೆ ಕೊಡಿರಿ.
4. ಎರಿ ಮಣ್ಣಿನಲ್ಲಿ ಪಾಯಾ ಗಟ್ಟಿ ನೆಲಕ್ಕೆ ಮುಟ್ಟುವ ತನಕ ನಿಂತು ನೋಡಿರಿ.
5. ನಿಮಗೆ ಸಿಟ್ಟು ಬರುವಂಥ ಖರೆ ಮಾತು ಹೇಳುವ ಗೌಂಡಿಯನ್ನು ಬಿಡಬೇಡಿರಿ.
6. ನೀರು ಹೊಡೆಯಿರಿ. ಹೊಡೆಯದಿದ್ದರೆ ಹೊಡೆದಿಲ್ಲ ಎಂದು ಹೇಳಿರಿ.

ಈಗ ಪಡಸಾಲಿಗೆ ಶಹಾಬಾದ ಫರಸಿ ಹಾಕಿ ಆಗಿದೆ. ಆಯಿ ಅಲ್ಲಿಯೇ ಮಲಗುತ್ತಾಳೆ. ಈ ಲೇಖನವನ್ನೂ ಅಲ್ಲಿಯೇ ಕುಳಿತು, ಮೂಲೆಯ ಕಂಬಕ್ಕೆ ಬೆನ್ನು ಹಚ್ಚಿ ಬರೆದೆ. ಕಾಕಾರ ಐದು ಸಾವಿರವನ್ನು ಅವ್ವ ದೇವರ ಜಗಲಿಯ ಮೇಲೆ ಡಬ್ಬಿಯಲ್ಲಿ ತೆಗೆದಿಟ್ಟಿದ್ದಾಳೆ. ಮಿರಗದ ಮಳೆ ಇನ್ನೂ ದೂರ ಇದೆ. ಎಲ್ಲರೂ ಮಳೆ ಹೊಲಕ್ಕೆ ಬರಲಿ ಎಂದು ಕಾಯುತ್ತಾರೆ. ನಾನು ನಮ್ಮ ಪಡಸಾಲಿಯ ಮೇಲೆ ಬರಲಿ ಎಂದೂ ಕಾಯುತ್ತಿದ್ದೇನೆ.

ತಪ್ಪಿದ್ದರೆ ಗುರುಗಳು ತಿದ್ದಬೇಕು.

— 7ನೇ ವರ್ಗದ ಒಬ್ಬ ವಿದ್ಯಾರ್ಥಿನಿ, ಯಂಕಂಚಿ